ಜನ ಬರುವ ಮೊದಲೇ ಕಂಡುಕೊಳ್ಳಿ, ನಿಮ್ಮ ಸಾಫ್ಟ್‌ವೇರ್ ಎಲ್ಲಿ ಕುಸಿಯುತ್ತದೆ ಅಂತ

2013ರ ಅಕ್ಟೋಬರ್ 1. ಅಮೆರಿಕ ಸರ್ಕಾರದ ಆರೋಗ್ಯ ವಿಮೆ ತಾಣ ಹೆಲ್ತ್‌ಕೇರ್ ಡಾಟ್ ಗವ್ ಅಂದು ಜನರಿಗೆ ತೆರೆದುಕೊಂಡಿತು. ಒಂದೇ ಹೊತ್ತಿಗೆ 50ರಿಂದ 60 ಸಾವಿರ ಜನ ಬರಬಹುದು ಅಂತ ಲೆಕ್ಕ ಹಾಕಿದ್ದರು. ಎರಡೂವರೆ ಲಕ್ಷ ಜನ ಬಂದರು. ಪುಟಗಳು ತೆರೆಯಲಿಲ್ಲ. ಖಾತೆ ಮಾಡಿಕೊಳ್ಳಲು ಹೋದವರು ಅರ್ಧದಲ್ಲೇ ಸಿಕ್ಕಿಕೊಂಡರು. ದಿನ ಮುಗಿಯುವ ಹೊತ್ತಿಗೆ ವಿಮೆ ನೋಂದಣಿಯನ್ನು ಪೂರ್ತಿ ಮಾಡಲು ಆಗಿದ್ದು ಬರೀ 6 ಜನರಿಗೆ.

ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಅದರ ಹಿಂದಿನ ದಿನ. ತೆರೆಯುವ ಮುನ್ನ ಮಾಡಿದ ಟೆಸ್ಟ್‌ನಲ್ಲಿ ಸುಮಾರು 1,100 ಜನ ಒಟ್ಟಿಗೆ ಬಂದರೇ ತಾಣ ತೀರಾ ನಿಧಾನವಾಗುತ್ತದೆ ಅಂತ ಗೊತ್ತಾಗಿತ್ತು. ಅಂದರೆ ಮಿತಿ ಎಷ್ಟು ಅನ್ನೋದು ಕೈಯಲ್ಲೇ ಇತ್ತು. ಆದರೆ ಅದು ಸಿಕ್ಕಿದ್ದು ತೀರಾ ತಡವಾಗಿ. ಏನಾದರೂ ಮಾಡೋಣ ಅಂದರೆ ಸಮಯವೇ ಉಳಿದಿರಲಿಲ್ಲ.

ಪ್ರತಿಯೊಂದು ಸಾಫ್ಟ್‌ವೇರ್‌ಗೂ ಇಂಥ ಒಂದು ಮಿತಿ ಇದ್ದೇ ಇರುತ್ತದೆ. ಅದನ್ನು ಮೊದಲು ನೀವು ಕಂಡುಹಿಡಿಯುತ್ತೀರೋ, ನಿಮ್ಮ ಬಳಕೆದಾರರು ಕಂಡುಹಿಡಿಯುತ್ತಾರೋ ಅನ್ನೋದರಲ್ಲೇ ಎಲ್ಲ ಇದೆ. ಮೂವತ್ತು ವರ್ಷಗಳಲ್ಲಿ ಬಿದ್ದ ಕೆಲವು ದೊಡ್ಡ ವ್ಯವಸ್ಥೆಗಳನ್ನು ಮುಂದಿಟ್ಟುಕೊಂಡು, ಈ ಹುಡುಕಾಟ ಮಾಡುವುದು ಹೇಗೆ ಅಂತ ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ನಿಮ್ಮದು ಇಬ್ಬರೇ ಇರುವ ತಂಡವಾದರೂ ಈ ಕ್ರಮ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 1: ಬರುವ ಜನರನ್ನು ಸೆಕೆಂಡಿನ ಲೆಕ್ಕದಲ್ಲಿ ಎಣಿಸಿ

"ನಮಗೆ ದಿನಕ್ಕೆ 10 ಲಕ್ಷ ಜನ ಬರ್ತಾರೆ" ಅನ್ನುವ ಮಾತು ಮೀಟಿಂಗ್‌ನಲ್ಲಿ ಚೆನ್ನಾಗಿ ಕೇಳಿಸುತ್ತದೆ. ಸರ್ವರ್‌ಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಹಾಳೆ ತೆಗೆದುಕೊಂಡು ಲೆಕ್ಕ ಮಾಡಿ ನೋಡಿ.

ದಿನಕ್ಕೆ 86,400 ಸೆಕೆಂಡ್. 10 ಲಕ್ಷವನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 12 ಜನ. ಅಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಜನ ಹಾಗೆ ಸಮನಾಗಿ ಹಂಚಿಕೊಂಡು ಬರುವುದಿಲ್ಲ. ಫಲಿತಾಂಶ ಬಿಡುವ ದಿನ, ಟಿಕೆಟ್ ತೆರೆಯುವ ದಿನ, ಕೊನೆಯ ತಾರೀಕು, ಇವೆಲ್ಲ ಒಂದೇ ಗಳಿಗೆಗೆ ಜನರನ್ನು ಎಳೆದು ತರುತ್ತವೆ. ಅರ್ಧ ಜನ ಮೊದಲ ಗಂಟೆಯಲ್ಲೇ ಬಂದರು ಅಂದುಕೊಳ್ಳಿ. ಆಗ ಸೆಕೆಂಡಿಗೆ ಸುಮಾರು 139 ಜನ. ಅವರಲ್ಲೂ ಹತ್ತನೇ ಒಂದು ಭಾಗ, ಅಂದರೆ 50 ಸಾವಿರ ಜನ, ಮೊದಲ ನಿಮಿಷದಲ್ಲೇ ಬಂದರೆ ಸೆಕೆಂಡಿಗೆ 833. ಒಬ್ಬೊಬ್ಬರ ಪುಟ ತೆರೆಯಲು ಸರ್ವರ್‌ಗೆ 10 ಕೋರಿಕೆ ಹೋಗುತ್ತವೆ ಅಂದರೆ ಸೆಕೆಂಡಿಗೆ 8 ಸಾವಿರಕ್ಕೂ ಜಾಸ್ತಿ. ಶುರು ಮಾಡಿದ್ದು 12ರಿಂದ.

ಈ ಕೊನೆಯ ಸಂಖ್ಯೆಯೇ ನಿಮ್ಮ ಗುರಿ. ಅದನ್ನು ಬರೆದಿಡಿ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆಯಿರಿ: ನಮ್ಮ ಅಂದಾಜು ಪೂರ್ತಿ ತಪ್ಪಿದರೆ ಎಷ್ಟು? 2016ರ ಜುಲೈನಲ್ಲಿ ಪೋಕೆಮಾನ್ ಗೋ ಆಟ ಬಿಡುಗಡೆಯಾದಾಗ ಅದರ ತಂಡವೂ ಹೀಗೆ ಎರಡು ಸಂಖ್ಯೆ ಇಟ್ಟುಕೊಂಡಿತ್ತು. ತೀರಾ ಕೆಟ್ಟ ಸ್ಥಿತಿಯಲ್ಲಿ ಅಂದಾಜಿನ 5 ಪಟ್ಟು ಬರಬಹುದು ಅಂತ ಅಂದುಕೊಂಡಿದ್ದರು. ಬಂದದ್ದು 50 ಪಟ್ಟು.

ಬರುವವರು ಬರೀ ಮನುಷ್ಯರೇ ಅಂತಲೂ ಅಂದುಕೊಳ್ಳಬೇಡಿ. 2022ರ ನವೆಂಬರ್ 15ರಂದು ಟೇಲರ್ ಸ್ವಿಫ್ಟ್ ಅವರ ಕಾರ್ಯಕ್ರಮಗಳ ಟಿಕೆಟ್ ಮಾರಾಟ ಶುರುವಾಯಿತು. ಆಗ ಟಿಕೆಟ್‌ಮಾಸ್ಟರ್ ತಾಣಕ್ಕೆ ಬಂದ ಕೋರಿಕೆಗಳು 350 ಕೋಟಿ. ಆ ತಾಣ ಅಲ್ಲಿಯ ತನಕ ಕಂಡಿದ್ದ ಅತಿ ಹೆಚ್ಚಿನ ಲೋಡ್‌ಗೆ (ಸರ್ವರ್ ಮೇಲೆ ಬೀಳುವ ಭಾರ) ಇದು ನಾಲ್ಕು ಪಟ್ಟು. ಅದರಲ್ಲಿ ಟಿಕೆಟ್ ಬಾಚಿಕೊಳ್ಳಲು ಬಿಟ್ಟ ಬಾಟ್‌ಗಳೂ (ಜನರ ಹಾಗೆ ನಟಿಸುವ ಪ್ರೋಗ್ರಾಂಗಳು) ಇದ್ದವು, ಆಹ್ವಾನದ ಕೋಡ್ ಇಲ್ಲದೆ ಬಂದ ಜನರೂ ಇದ್ದರು.

ಇನ್ನೊಂದು ಲೆಕ್ಕ ಇದೆ. ಅದನ್ನು ಕಲಿತರೆ ಜೀವನಪೂರ್ತಿ ಉಪಯೋಗಕ್ಕೆ ಬರುತ್ತದೆ. ಇದಕ್ಕೆ ಲಿಟಲ್ ಅವರ ನಿಯಮ ಅನ್ನುತ್ತಾರೆ. ಸೆಕೆಂಡಿಗೆ ಬರುವ ಕೋರಿಕೆಗಳನ್ನು, ಒಂದೊಂದಕ್ಕೂ ಹಿಡಿಯುವ ಸಮಯದಿಂದ ಗುಣಿಸಿ. ಒಂದೇ ಹೊತ್ತಿಗೆ ಒಳಗೆ ಎಷ್ಟು ಕೋರಿಕೆ ಇರುತ್ತವೆ ಅನ್ನೋದು ಸಿಗುತ್ತದೆ. ಸೆಕೆಂಡಿಗೆ 200 ಬರುತ್ತವೆ, ಒಂದಕ್ಕೆ ಕಾಲು ಸೆಕೆಂಡ್ ಹಿಡಿಯುತ್ತದೆ ಅಂದರೆ ಒಳಗಿರುವುದು 50. ನಿಮ್ಮ ಡೇಟಾಬೇಸ್‌ಗೆ 100 ಕನೆಕ್ಷನ್ ಇವೆ, ಅಂದರೆ ಒಟ್ಟಿಗೆ 100 ಕೋರಿಕೆ ನೋಡಿಕೊಳ್ಳಬಲ್ಲದು, ಆರಾಮ. ಈಗ ಏನೋ ಕಾರಣಕ್ಕೆ ಡೇಟಾಬೇಸ್ ನಿಧಾನವಾಗಿ ಒಂದಕ್ಕೆ 2 ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಜನ ಒಬ್ಬರೂ ಜಾಸ್ತಿ ಬಂದಿಲ್ಲ. ಆದರೂ ಒಳಗಿರುವ ಕೋರಿಕೆ 400 ಆಗಬೇಕು. ಜಾಗ ಇರುವುದು 100ಕ್ಕೆ. ಉಳಿದ 300 ಹೊರಗೆ ಕಾಯುತ್ತವೆ, ಅವುಗಳ ಹಿಂದೆ ಇನ್ನೂ ಬಂದು ಸೇರುತ್ತವೆ. "ಜನ ಜಾಸ್ತಿ ಬಂದಿಲ್ಲ, ಆದರೂ ಯಾಕೆ ಬಿತ್ತು" ಅನ್ನುವ ಪ್ರಶ್ನೆಗೆ ಹೆಚ್ಚಿನ ಸಲ ಉತ್ತರ ಈ ಗುಣಾಕಾರದಲ್ಲೇ ಇರುತ್ತದೆ.

ಹೆಜ್ಜೆ 2: ಕಾಣದ ಮಿತಿಗಳ ಪಟ್ಟಿ ಮಾಡಿ

ಕೆಲವು ಮಿತಿಗಳು ಮೊದಲು ನಿಧಾನವಾಗಿ ನಿಮಗೆ ಸೂಚನೆ ಕೊಡುತ್ತವೆ. ಇನ್ನು ಕೆಲವು ಒಂದು ಮಾತೂ ಹೇಳದೆ ಕೂತಿರುತ್ತವೆ. ಯಾರೋ ಎಂದೋ ಆರಿಸಿದ ಒಂದು ಸಂಖ್ಯೆ. ಅದನ್ನು ಮುಟ್ಟುವ ತನಕ ಎಲ್ಲವೂ ಸರಿ, ಮುಟ್ಟಿದ ಕ್ಷಣ ಎಲ್ಲವೂ ನಿಂತಿತು.

2004ರ ಡಿಸೆಂಬರ್‌ನಲ್ಲಿ ಅಮೆರಿಕದ ಕೋಮೇರ್ ವಿಮಾನ ಸಂಸ್ಥೆಗೆ ಆಗಿದ್ದು ಇದೇ. ಸಿಬ್ಬಂದಿಯ ಪಾಳಿ ನೋಡಿಕೊಳ್ಳುವ ಅವರ ಹಳೆಯ ಸಾಫ್ಟ್‌ವೇರ್ ಒಂದು ತಿಂಗಳಿಗೆ ಸುಮಾರು 32 ಸಾವಿರ ಬದಲಾವಣೆಗಳನ್ನು ಮಾತ್ರ ಎಣಿಸಬಲ್ಲದಾಗಿತ್ತು. 16 ಬಿಟ್‌ನ, ಅಂದರೆ 16 ಸೊನ್ನೆ-ಒಂದುಗಳಲ್ಲಿ ಹಿಡಿಸುವ ಲೆಕ್ಕ ಅದು, ಅಲ್ಲಿಗೆ ತುಂಬಿತು. ಮಾಮೂಲಿ ತಿಂಗಳಲ್ಲಿ ಅಷ್ಟು ಬದಲಾವಣೆ ಆಗುತ್ತಲೇ ಇರಲಿಲ್ಲ. ಆ ತಿಂಗಳು ಹಿಮಬಿರುಗಾಳಿ ಬಂತು. ವಿಮಾನ ರದ್ದು, ಮತ್ತೆ ಪಾಳಿ ಬದಲು, ಮತ್ತೆ ರದ್ದು. ಸಂಖ್ಯೆ ಮಿತಿ ಮುಟ್ಟಿತು. ಕ್ರಿಸ್‌ಮಸ್ ದಿನ ಸಂಸ್ಥೆಯ ಸುಮಾರು 1,100 ಹಾರಾಟಗಳೂ ರದ್ದಾದವು. ಯಾವ ಪೈಲಟ್ ಎಲ್ಲಿಗೆ ಹೋಗಬೇಕು ಅಂತ ಹೇಳುವವರೇ ಇರಲಿಲ್ಲ.

ಹದಿನಾರು ವರ್ಷದ ಮೇಲೆ ಇಂಗ್ಲೆಂಡ್‌ನಲ್ಲಿ ಇದೇ ತರಹದ ತಪ್ಪು ಇನ್ನೂ ನೋವಿನ ಜಾಗದಲ್ಲಿ ಆಯಿತು. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವೆ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಲ್ಯಾಬ್‌ಗಳಿಂದ ಬಂದ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯ ಫೈಲ್‌ಗೆ ತುಂಬಿಸುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲು ಮಾತ್ರ. ಒಬ್ಬ ರೋಗಿಗೆ ಹಲವು ಸಾಲು ಬೇಕಾಗಿದ್ದರಿಂದ ಒಂದು ಫೈಲ್‌ಗೆ ಸುಮಾರು 1,400 ಪ್ರಕರಣ ತುಂಬುವಷ್ಟರಲ್ಲಿ ಜಾಗ ಮುಗಿಯುತ್ತಿತ್ತು. ಮಿಕ್ಕವು ಸುಮ್ನೆ ಬಿದ್ದುಹೋದವು. ಸೋಂಕು ತಗುಲಿದವರ ಜೊತೆ ಇದ್ದವರನ್ನು ಹುಡುಕಿ ಎಚ್ಚರಿಸುವ ಕೆಲಸ ಇದರಿಂದ ಎಷ್ಟೋ ದಿನ ತಡವಾಯಿತು.

ಹಾಗಾಗಿ ಈ ಹೆಜ್ಜೆಯಲ್ಲಿ ಕೆಲಸ ಇಷ್ಟು. ನಿಮ್ಮ ವ್ಯವಸ್ಥೆಯಲ್ಲಿ ಒಂದು ಕೋರಿಕೆ ಹೋಗುವ ದಾರಿಯನ್ನು ಮೊದಲಿಂದ ಕೊನೆಯ ತನಕ ನಡೆದು ನೋಡಿ. ನಿಂತ ಪ್ರತಿ ಜಾಗದಲ್ಲೂ ಕೇಳಿ: ಇಲ್ಲಿ ಎಷ್ಟು ಹಿಡಿಯುತ್ತದೆ? ಡೇಟಾಬೇಸ್ ಕನೆಕ್ಷನ್ ಎಷ್ಟು, ಒಂದು ಪ್ರೊಸೆಸ್ ಎಷ್ಟು ಫೈಲ್ ತೆರೆಯಬಹುದು, ಥ್ರೆಡ್ (ಪ್ರೋಗ್ರಾಂ ಒಳಗೆ ಒಟ್ಟಿಗೆ ನಡೆಯುವ ಕೆಲಸದ ಎಳೆ) ಎಷ್ಟು, ಟೇಬಲ್‌ನ ಐಡಿ 32 ಬಿಟ್‌ನದೋ 64 ಬಿಟ್‌ನದೋ, ಹೊರಗಿನ ಸೇವೆ ನಿಮಗೆ ನಿಮಿಷಕ್ಕೆ ಎಷ್ಟು ಕೋರಿಕೆ ಬಿಡುತ್ತದೆ, ಕ್ಲೌಡ್ ಖಾತೆಯಲ್ಲಿ ಎಷ್ಟು ಯಂತ್ರ ತೆಗೆದುಕೊಳ್ಳಬಹುದು. ಪ್ರತಿಯೊಂದರ ಮುಂದೆ ಮೂರು ಅಂಕಿ ಇರಲಿ: ಮಿತಿ, ಇವತ್ತಿನ ಬಳಕೆ, ಹೆಜ್ಜೆ 1ರ ಗುರಿ ಬಂದರೆ ಆಗುವ ಬಳಕೆ. ಈ ಪಟ್ಟಿ ಮಾಡಲು ಅರ್ಧ ದಿನ ಸಾಕು. ನನ್ನ ಮಟ್ಟಿಗೆ ಈ ಇಡೀ ಮಾರ್ಗದರ್ಶಿಯಲ್ಲಿ ಕಡಿಮೆ ಶ್ರಮಕ್ಕೆ ಅತಿ ಹೆಚ್ಚು ಫಲ ಕೊಡುವ ಅರ್ಧ ದಿನ ಇದು.

ಜೊತೆಗೆ, ಮಿತಿ ಮುಟ್ಟಿದಾಗ ಏನಾಗುತ್ತದೆ ಅಂತಲೂ ಬರೆಯಿರಿ. ತಪ್ಪು ಅಂತ ಕೂಗುತ್ತದೋ, ಮಾಹಿತಿಯನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೋ? ಸದ್ದಿಲ್ಲದೆ ಬಿಡುವ ಜಾಗಗಳನ್ನು ಮೊದಲು ಸರಿಮಾಡಿ.

ಹೆಜ್ಜೆ 3: ಸರಾಸರಿಯನ್ನು ನಂಬಬೇಡಿ

ಹೆಲ್ತ್‌ಕೇರ್ ಡಾಟ್ ಗವ್ ಬಿದ್ದ ಮೇಲೆ ಅದನ್ನು ಎತ್ತಿ ನಿಲ್ಲಿಸಲು ಹೊರಗಿನಿಂದ ಎಂಜಿನಿಯರ್‌ಗಳ ಒಂದು ಸಣ್ಣ ತಂಡ ಹೋಯಿತು. ತಾಣ ಈಗ ಹೇಗಿದೆ ಅಂತ ಒಂದೇ ನೋಟಕ್ಕೆ ತೋರಿಸುವ ಡ್ಯಾಶ್‌ಬೋರ್ಡ್ ಅಲ್ಲಿ ಇರಲೇ ಇಲ್ಲ. ಅದನ್ನು ಕಟ್ಟಿದ್ದೇ ಅವರ ಮೊದಲ ಕೆಲಸಗಳಲ್ಲಿ ಒಂದು. ಎಲ್ಲಿ ನೋವಿದೆ ಅಂತ ಕಂಡ ಮೇಲೆ, ಪದೇ ಪದೇ ಬೇಕಾಗುವ ಮಾಹಿತಿಯನ್ನು ಡೇಟಾಬೇಸ್‌ನ ಮುಂದೆ ಕ್ಯಾಶ್ ಮಾಡಿ, ಅಂದರೆ ಬೇಗ ಸಿಗುವ ಜಾಗದಲ್ಲಿ ನಕಲು ಮಾಡಿ ಇಟ್ಟರು. ಪುಟ ತೆರೆಯಲು ಸರಾಸರಿ 8 ಸೆಕೆಂಡ್ ಹಿಡಿಯುತ್ತಿದ್ದದ್ದು 2 ಸೆಕೆಂಡಿಗೆ ಇಳಿಯಿತು. ಡಿಸೆಂಬರ್ ಶುರುವಾಗುವ ಹೊತ್ತಿಗೆ ತಾಣ ಒಂದೇ ಹೊತ್ತಿಗೆ 50 ಸಾವಿರ ಜನರನ್ನು ಹೊರುವಂತಾಗಿತ್ತು.

ಅಳೆಯುವಾಗ ಒಂದು ಜಾಗದಲ್ಲಿ ಬಹಳ ಜನ ಎಡವುತ್ತಾರೆ. ಸರಾಸರಿ ಸಮಯ ನೋಡಿ ಸಮಾಧಾನಪಟ್ಟುಕೊಳ್ಳುತ್ತಾರೆ. 100 ಕೋರಿಕೆಯಲ್ಲಿ 99ಕ್ಕೆ 50 ಮಿಲಿಸೆಕೆಂಡ್, ಒಂದಕ್ಕೆ 5 ಸೆಕೆಂಡ್ ಹಿಡಿದರೆ ಸರಾಸರಿ ಸುಮಾರು 100 ಮಿಲಿಸೆಕೆಂಡ್. ನೋಡಲು ಚೆನ್ನಾಗಿದೆ. ಆದರೆ ನಿಮ್ಮ ಒಂದು ಪುಟ ಒಳಗಿನ 100 ಸೇವೆಗಳನ್ನು ಕೇಳಿ ಎಲ್ಲದರ ಉತ್ತರಕ್ಕೂ ಕಾಯುತ್ತದೆ ಅಂದುಕೊಳ್ಳಿ. ಆಗ 100 ಪುಟದಲ್ಲಿ 63ಕ್ಕೆ ಆ 5 ಸೆಕೆಂಡಿನ ಪೆಟ್ಟು ಬೀಳುತ್ತದೆ. ನೂರಕ್ಕೆ ಒಂದು ಇದ್ದದ್ದು ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಯಿತು. ಹಾಗಾಗಿ ಅತಿ ನಿಧಾನದ ಶೇ. 5 ಮತ್ತು ಶೇ. 1 ಕೋರಿಕೆಗಳಿಗೆ ಎಷ್ಟು ಸಮಯ ಹಿಡಿಯಿತು ಅಂತ ಬೇರೆಯಾಗಿ ನೋಡಿ. ಅಲ್ಲಿ ಕಾಯುತ್ತಾ ಕೂತಿರುವವರೂ ನಿಮ್ಮ ಬಳಕೆದಾರರೇ.

ಇದೇ ಹೆಜ್ಜೆಯಲ್ಲಿ ಇನ್ನೊಂದು ಕೋಷ್ಟಕ ಮನಸ್ಸಿನಲ್ಲಿರಲಿ. ಒಂದು ಕೆಲಸಕ್ಕೆ 100 ಮಿಲಿಸೆಕೆಂಡ್ ಹಿಡಿಯುವ ಒಂದು ಸರ್ವರ್ ಇದೆ, ಕೋರಿಕೆಗಳು ಹೇಗೆಂದರೆ ಹಾಗೆ ಬರುತ್ತವೆ ಅಂದುಕೊಳ್ಳಿ. ಸರಳ ಕ್ಯೂ ಲೆಕ್ಕದ ಪ್ರಕಾರ, ಅದು ಅರ್ಧ ಹೊತ್ತು ಕೆಲಸದಲ್ಲಿದ್ದರೆ ಉತ್ತರಕ್ಕೆ 200 ಮಿಲಿಸೆಕೆಂಡ್. ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ ಅರ್ಧ ಸೆಕೆಂಡ್. ಶೇ. 90ಕ್ಕೆ 1 ಸೆಕೆಂಡ್. ಶೇ. 95ಕ್ಕೆ 2 ಸೆಕೆಂಡ್. ಶೇ. 99ಕ್ಕೆ 10 ಸೆಕೆಂಡ್. ಮೊದಲ ಅರ್ಧ ದಾರಿ ಸಮತಟ್ಟು, ಕೊನೆಗೆ ಬೆಟ್ಟ. "ಇನ್ನೂ ಶೇ. 10 ಬಾಕಿ ಇದೆ, ಚಿಂತೆ ಇಲ್ಲ" ಅನ್ನುವ ತಂಡ ಆಗಲೇ ಬೆಟ್ಟದ ಮೇಲಿರುತ್ತದೆ.

ಹೆಜ್ಜೆ 4: ಒಡೆಯುವ ತನಕ ಟೆಸ್ಟ್ ಮಾಡಿ

ಲೋಡ್ ಟೆಸ್ಟ್ ಅಂದರೆ ಗುರಿ ಮುಟ್ಟಿತು, ಪಾಸಾಯಿತು, ಮುಗಿಯಿತು ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗೆ ನಿಲ್ಲಿಸಿದರೆ ನಿಮ್ಮ ಮಿತಿ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಲೋಡ್ ಏರಿಸುತ್ತಾ ಹೋಗಿ. ಏನಾದರೊಂದು ಮುರಿಯುವ ತನಕ ಏರಿಸಿ. ಮೊದಲು ಮುರಿದದ್ದು ಯಾವುದು, ಯಾವ ಸಂಖ್ಯೆಗೆ ಮುರಿಯಿತು, ಲೋಡ್ ಇಳಿಸಿದ ಮೇಲೆ ತಾನಾಗಿ ಎದ್ದಿತೋ ಇಲ್ಲವೋ, ಈ ಮೂರನ್ನೂ ಬರೆದಿಡಿ. ಮೂರನೆಯದನ್ನು ಮರೆಯುವವರೇ ಜಾಸ್ತಿ.

ಟೆಸ್ಟ್ ನಿಜಕ್ಕೆ ಹತ್ತಿರ ಇರಬೇಕು. 2018ರ ಏಪ್ರಿಲ್‌ನಲ್ಲಿ ಬ್ರಿಟನ್‌ನ ಟಿಎಸ್‌ಬಿ ಬ್ಯಾಂಕ್ ತನ್ನ 52 ಲಕ್ಷ ಗ್ರಾಹಕರ ಖಾತೆಗಳನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ತೆರೆದ ಕೂಡಲೇ ಲಕ್ಷಗಟ್ಟಲೆ ಜನರಿಗೆ ತಮ್ಮ ಖಾತೆಯೇ ಸಿಗಲಿಲ್ಲ. ಆಮೇಲೆ ನಡೆದ ಸ್ವತಂತ್ರ ತನಿಖೆಯಲ್ಲಿ ಒಂದು ಸಂಗತಿ ಹೊರಬಂತು. ವ್ಯವಸ್ಥೆ ಎರಡು ಡೇಟಾ ಸೆಂಟರ್‌ಗಳಲ್ಲಿ ಒಟ್ಟಿಗೆ ನಡೆಯಬೇಕಿತ್ತು, ಆದರೆ ಲೋಡ್‌ನ ಟೆಸ್ಟ್ ಮಾಡಿದ್ದು ಒಂದರಲ್ಲಿ ಮಾತ್ರ. ಎರಡೂ ಒಂದೇ ತರಹ ಇವೆ ಅಂತ ನಂಬಿದ್ದರು. ಇರಲಿಲ್ಲ. 2022ರಲ್ಲಿ ನಿಯಂತ್ರಕರು ಆ ಬ್ಯಾಂಕ್‌ಗೆ ಹಾಕಿದ ದಂಡ 4.865 ಕೋಟಿ ಪೌಂಡ್.

ಟೆಸ್ಟ್‌ಗೆ ಕೂರುವ ಮುನ್ನ ಇಷ್ಟನ್ನು ನೋಡಿಕೊಳ್ಳಿ.

ಡೇಟಾ ನಿಜವಾದಷ್ಟೇ ಇರಲಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಪಟ್ಟಿಯ ಪುಟ ಬರೆದಿದ್ದೆ. ಮೊದಲು ಪಟ್ಟಿಯನ್ನು ತರುವ ಒಂದು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ), ಆಮೇಲೆ ಪ್ರತಿ ಸಾಲಿಗೂ ಹೆಸರು ತರುವ ಒಂದೊಂದು ಕ್ವೆರಿ. ನನ್ನ ಯಂತ್ರದಲ್ಲಿ 20 ಸಾಲು ಇತ್ತು. 21 ಕ್ವೆರಿ, ಕಣ್ಣು ಮಿಟುಕಿಸುವುದರೊಳಗೆ ಪುಟ ಬರುತ್ತಿತ್ತು. ನಿಜವಾದ ಬಳಕೆಯಲ್ಲಿ ಒಂದು ಪುಟಕ್ಕೆ 2,000 ಸಾಲು. 100 ಜನ ಒಟ್ಟಿಗೆ ತೆರೆದಾಗ ಡೇಟಾಬೇಸ್‌ಗೆ ಎರಡು ಲಕ್ಷಕ್ಕೂ ಜಾಸ್ತಿ ಕ್ವೆರಿ. ಆ ಬೆಳಿಗ್ಗೆ ನನ್ನ ಪುಟದ ಜೊತೆ ಬೇರೆಯವರ ಪುಟಗಳೂ ನಿಂತುಹೋದವು, ಡೇಟಾಬೇಸ್ ಎಲ್ಲರಿಗೂ ಒಂದೇ ಆಗಿದ್ದರಿಂದ. ಎರಡು ಟೇಬಲ್ ಜೋಡಿಸಿ ಒಂದೇ ಕ್ವೆರಿ ಬರೆದಾಗ ಸರಿಹೋಯಿತು. ಬದಲಾದದ್ದು ನಾಲ್ಕೇ ಸಾಲು.

ಬರೀ ಹತ್ತು ನಿಮಿಷದ ಟೆಸ್ಟ್ ಸಾಲದು. ದಿನಗಟ್ಟಲೆ ಬಿಟ್ಟು ನೋಡಿ. ಇದರ ಬೆಲೆ ಏನು ಅನ್ನೋದಕ್ಕೆ ಲಂಡನ್ ಆಂಬುಲೆನ್ಸ್ ಸೇವೆಯೇ ಸಾಕ್ಷಿ. ಅದು ದಿನಕ್ಕೆ 2,000ಕ್ಕೂ ಹೆಚ್ಚು ಕರೆ ಬರುವ ಜಾಗ. 1992ರ ಅಕ್ಟೋಬರ್ 26ರಂದು ಅಲ್ಲಿ ಆಂಬುಲೆನ್ಸ್ ಕಳಿಸುವ ಕೆಲಸವನ್ನು ಹೊಸ ಕಂಪ್ಯೂಟರ್ ವ್ಯವಸ್ಥೆಗೆ ಒಪ್ಪಿಸಿದರು. ಯಾವ ಗಾಡಿ ಎಲ್ಲಿದೆ ಅನ್ನುವ ಮಾಹಿತಿ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ಒಂದೇ ಕರೆಗೆ ಎರಡು ಗಾಡಿ ಹೋದವು, ಹತ್ತಿರದ ಗಾಡಿ ಬಿಟ್ಟು ದೂರದ್ದು ಹೋಯಿತು. ಇಂಥ ಪ್ರತಿಯೊಂದು ಗೊಂದಲಕ್ಕೂ ವ್ಯವಸ್ಥೆ ಸಿಬ್ಬಂದಿಯ ಪರದೆಯ ಮೇಲೆ ಒಂದು ಎಚ್ಚರಿಕೆ ಹಾಕುತ್ತಿತ್ತು. ಎಚ್ಚರಿಕೆಗಳು ಎಷ್ಟಾದವು ಅಂದರೆ, ಹೊಸವು ಬಂದ ಹಾಗೆ ಹಳೆಯವು ಮೇಲಕ್ಕೆ ಸರಿದು ಪರದೆಯಿಂದಲೇ ಹೊರಗೆ ಹೋದವು. ಯಾರೂ ನೋಡದ ಎಚ್ಚರಿಕೆ ಮತ್ತೆ ಹೊಸ ಎಚ್ಚರಿಕೆ ಹುಟ್ಟಿಸಿತು. ಆಂಬುಲೆನ್ಸ್ ಬರದೆ ಕಂಗಾಲಾದ ಜನ ಮತ್ತೆ ಮತ್ತೆ ಫೋನ್ ಮಾಡಿದರು. ಕರೆಗಳ ಸಂಖ್ಯೆ ಇನ್ನೂ ಏರಿತು. ಮರುದಿನ ಅರ್ಧ ಕೆಲಸವನ್ನು ಕೈಯಿಂದಲೇ ಮಾಡುವ ಕ್ರಮಕ್ಕೆ ವಾಪಸ್ ಹೋದರು.

ಅಲ್ಲಿಗೂ ಮುಗಿಯಲಿಲ್ಲ. ನವೆಂಬರ್ 4ರ ಬೆಳಗಿನ ಜಾವ ವ್ಯವಸ್ಥೆ ಪೂರ್ತಿ ನಿಂತಿತು. ಮೂರು ವಾರದ ಹಿಂದೆ ಒಬ್ಬ ಪ್ರೋಗ್ರಾಮರ್ ಕೆಲಸದ ನಡುವೆ ಬಿಟ್ಟಿದ್ದ ಒಂದು ತುಂಡು ಕೋಡ್, ಪ್ರತಿ ಸಲ ಗಾಡಿ ಕಳಿಸಿದಾಗಲೂ ಸರ್ವರ್‌ನ ಮೆಮೊರಿಯಲ್ಲಿ ಒಂದು ಚೂರು ಹಿಡಿದುಕೊಂಡು ಬಿಡುತ್ತಲೇ ಇರಲಿಲ್ಲ. ಮೂರು ವಾರಕ್ಕೆ ಮೆಮೊರಿ ತುಂಬಿತು. ಬದಲಿಗೆ ಏಳಬೇಕಿದ್ದ ಸರ್ವರ್ ಏಳಲಿಲ್ಲ, ಅದನ್ನು ಸರಿಯಾಗಿ ಟೆಸ್ಟ್ ಮಾಡಿಯೇ ಇರಲಿಲ್ಲ. ಸಿಬ್ಬಂದಿ ಕಾಗದ ಪೆನ್ನು ಹಿಡಿದು ಕೆಲಸ ಮುಂದುವರಿಸಿದರು. ಹತ್ತು ನಿಮಿಷದ ಯಾವ ಟೆಸ್ಟ್‌ನಲ್ಲೂ ಇದು ಸಿಗುತ್ತಿರಲಿಲ್ಲ. ಒಂದು ವಾರ ಸತತವಾಗಿ ಓಡಿಸಿ ಮೆಮೊರಿಯ ಗೆರೆ ಮೇಲೇರುತ್ತಿದೆಯಾ ಅಂತ ನೋಡಿದ್ದರೆ ಸಿಗುತ್ತಿತ್ತು.

ಕೊನೆಯದಾಗಿ, ಒಂದು ಸರ್ವರ್ ಅನ್ನು ಟೆಸ್ಟ್ ನಡುವೆಯೇ ಬೇಕಂತಲೇ ಆಫ್ ಮಾಡಿ ನೋಡಿ. ಪೂರ್ತಿ ಲೋಡ್‌ನಲ್ಲಿರುವಾಗಲೇ ಆಫ್ ಮಾಡಬೇಕು.

ಹೆಜ್ಜೆ 5: ಇಕ್ಕಟ್ಟು ಎಲ್ಲಿದೆ ಅಂತ ಹುಡುಕಿ, ಆಮೇಲೆ ಸರ್ವರ್ ಸೇರಿಸಿ

ನಿಧಾನವಾಯಿತು ಅಂದ ಕೂಡಲೇ "ಇನ್ನೆರಡು ಸರ್ವರ್ ಹಾಕಿ" ಅನ್ನುವುದು ಎಲ್ಲರ ಬಾಯಲ್ಲೂ ಬರುವ ಮಾತು. ಕೆಲವು ಸಲ ಅದು ಸರಿಯೂ ಹೌದು. ಆದರೆ ಇಕ್ಕಟ್ಟು ಬೇರೆ ಕಡೆ ಇದ್ದರೆ, ಸೇರಿಸಿದ ಸರ್ವರ್‌ಗಳೆಲ್ಲ ಆ ಇಕ್ಕಟ್ಟಿನ ಮುಂದೆಯೇ ಹೋಗಿ ನಿಲ್ಲುತ್ತವೆ.

2020ರ ನವೆಂಬರ್ 25ರಂದು ಅಮೆಜಾನ್ ವೆಬ್ ಸರ್ವಿಸಸ್‌ನ ಸತತವಾಗಿ ಹರಿದುಬರುವ ಡೇಟಾವನ್ನು ಹಿಡಿದಿಡುವ ಕಿನೆಸಿಸ್ ಸೇವೆ ಬಿದ್ದದ್ದೇ ಸರ್ವರ್ ಸೇರಿಸಿದ್ದರಿಂದ. ಅದರ ಮುಂಭಾಗದ ಪ್ರತಿ ಸರ್ವರ್ ಉಳಿದ ಎಲ್ಲ ಸರ್ವರ್‌ಗಳ ಜೊತೆ ಮಾತಾಡಲು ಒಂದೊಂದು ಥ್ರೆಡ್ ಇಟ್ಟುಕೊಳ್ಳುತ್ತಿತ್ತು. ಹೊಸ ಸರ್ವರ್‌ಗಳು ಬಂದ ಹಾಗೆ ಎಲ್ಲ ಹಳೆಯ ಸರ್ವರ್‌ಗಳಲ್ಲೂ ಥ್ರೆಡ್ ಏರಿತು. ಆಪರೇಟಿಂಗ್ ಸಿಸ್ಟಮ್‌ನಲ್ಲಿ ಹಾಕಿದ್ದ ಥ್ರೆಡ್ ಮಿತಿಯನ್ನು ಎಲ್ಲವೂ ಸುಮಾರು ಒಂದೇ ಹೊತ್ತಿಗೆ ದಾಟಿದವು. ಕಿನೆಸಿಸ್ ಮೇಲೆ ನಿಂತಿದ್ದ ಬೇರೆ ಸೇವೆಗಳೂ ಕುಸಿದವು. ಮತ್ತೆ ಸರಿಮಾಡಲು ಇಡೀ ದಿನ ಹಿಡಿಯಿತು.

2021ರ ಅಕ್ಟೋಬರ್ ಕೊನೆಯಲ್ಲಿ ರೋಬ್ಲಾಕ್ಸ್ ಆಟದ ತಾಣ 73 ಗಂಟೆ ಮುಚ್ಚಿತ್ತು. ಸರ್ವರ್‌ಗಳು ಒಂದನ್ನೊಂದು ಹುಡುಕಿಕೊಳ್ಳಲು ಬಳಸುವ ಕಾನ್ಸಲ್ ಅನ್ನುವ ವ್ಯವಸ್ಥೆ ನಿಧಾನವಾಗಿತ್ತು. ತಂಡ ಅದನ್ನು ಇನ್ನೂ ದೊಡ್ಡ, 128 ಕೋರ್‌ನ (ಲೆಕ್ಕ ಮಾಡುವ ಭಾಗ) ಯಂತ್ರಗಳಿಗೆ ಹಾಕಿತು. ಸ್ಥಿತಿ ಇನ್ನೂ ಕೆಟ್ಟಿತು. ಯಾಕೆಂದರೆ ಹೊಸದಾಗಿ ಆನ್ ಮಾಡಿದ್ದ ಒಂದು ಸೌಲಭ್ಯದೊಳಗೆ ಎಲ್ಲ ಕೋರ್‌ಗಳೂ ಒಂದೇ ಜಾಗಕ್ಕಾಗಿ ಕಿತ್ತಾಡುತ್ತಿದ್ದವು. ಕೋರ್ ಜಾಸ್ತಿಯಾದರೆ ಕಿತ್ತಾಟವೂ ಜಾಸ್ತಿ.

ತಾನಾಗಿ ಸರ್ವರ್ ಏರಿಸಿ ಇಳಿಸುವ ಆಟೋಸ್ಕೇಲಿಂಗ್ ಇದೆಯಲ್ಲ ಅಂತ ನೀವು ಕೇಳಬಹುದು. 2021ರ ಜನವರಿ 4, ಹೊಸ ವರ್ಷದ ರಜೆ ಮುಗಿದ ಮೊದಲ ಸೋಮವಾರ. ಕಚೇರಿಯವರು ಸಂದೇಶ ಕಳಿಸಲು ಬಳಸುವ ಸ್ಲ್ಯಾಕ್‌ಗೆ ಜನ ಒಟ್ಟಿಗೆ ವಾಪಸ್ ಬಂದರು. ನಡುವಿನ ನೆಟ್‌ವರ್ಕ್ ಆ ಲೋಡ್ ತಾಳಲಿಲ್ಲ. ವೆಬ್ ಸರ್ವರ್‌ಗಳು ಹಿಂದಿನ ಸೇವೆಗಳ ಉತ್ತರಕ್ಕೆ ಕಾಯುತ್ತಾ ಕೂತವು. ಕಾಯುವಾಗ ಸಿಪಿಯು ಕೆಲಸ ಮಾಡುವುದಿಲ್ಲ. ಸಿಪಿಯು ಬಳಕೆ ಇಳಿದದ್ದನ್ನು ಕಂಡ ಆಟೋಸ್ಕೇಲಿಂಗ್, ಕೆಲಸ ಕಡಿಮೆಯಾಗಿದೆ ಅಂದುಕೊಂಡು ಕೆಲವು ಸರ್ವರ್‌ಗಳನ್ನು ತೆಗೆದೇಬಿಟ್ಟಿತು. ಆಮೇಲೆ ಕಾಯುವವರ ಸಂಖ್ಯೆ ಕಂಡು ಹದಿನಾಲ್ಕು ನಿಮಿಷದಲ್ಲಿ 1,200 ಸರ್ವರ್ ಸೇರಿಸಲು ಹೊರಟಿತು. ಹೊಸ ಸರ್ವರ್‌ಗಳನ್ನು ಸಿದ್ಧ ಮಾಡುವ ಸೇವೆ ಆ ಭಾರಕ್ಕೆ ತೆರೆದ ಫೈಲ್‌ಗಳ ಮಿತಿ ಮುಟ್ಟಿ ನಿಂತಿತು. ಹೆಜ್ಜೆ 2ರ ಪಟ್ಟಿಯಲ್ಲಿ ಫೈಲ್ ಮಿತಿ ಯಾಕೆ ಇದೆ ಅಂತ ಈಗ ಗೊತ್ತಾಯಿತಲ್ಲ. ಇನ್ನೂ ಒಂದು ಸಂಗತಿ: ಅವರ ಡ್ಯಾಶ್‌ಬೋರ್ಡ್‌ಗಳೂ ಅದೇ ನೆಟ್‌ವರ್ಕ್ ದಾಟಿ ಬರಬೇಕಿತ್ತು. ಬೇಕಾದ ಹೊತ್ತಿನಲ್ಲೇ ಅವೂ ಕೈಕೊಟ್ಟವು.

ಹಾಗಾಗಿ ಸಿಪಿಯು ಒಂದನ್ನೇ ನೋಡಬೇಡಿ. ಕೋರಿಕೆ ಎಲ್ಲಿ ಎಷ್ಟು ಹೊತ್ತು ಕಾಯುತ್ತಿದೆ ಅಂತ ನೋಡಿ. ಡೇಟಾಬೇಸ್‌ನ ನಿಧಾನದ ಕ್ವೆರಿಗಳ ಲಾಗ್ ತೆರೆದು ಒಟ್ಟು ಸಮಯ ಜಾಸ್ತಿ ತಿನ್ನುವ ಮೊದಲ ಐದನ್ನು ಹುಡುಕಿ. ಒಂದೊಂದು ಕ್ವೆರಿಗೆ ಹಿಡಿಯುವ ಸಮಯಕ್ಕಿಂತ ಅದು ಎಷ್ಟು ಸಲ ಓಡುತ್ತದೆ ಅನ್ನೋದೇ ಹಲವು ಸಲ ಕಾರಣ. ಒಂದು ಬದಲಾವಣೆ ಮಾಡಿ, ಅಳೆಯಿರಿ, ಆಮೇಲೆ ಮುಂದಿನದು. ನಿಮ್ಮ ನಿಗಾ ವ್ಯವಸ್ಥೆಯನ್ನು ಮುಖ್ಯ ವ್ಯವಸ್ಥೆಯಿಂದ ಬೇರೆ ಕಡೆ ಇಡಿ.

ಹೆಜ್ಜೆ 6: ಮತ್ತೆ ಮತ್ತೆ ಕೇಳುವುದಕ್ಕೆ ಕಡಿವಾಣ ಹಾಕಿ

ಉತ್ತರ ಬರಲಿಲ್ಲ ಅಂದರೆ ಮತ್ತೆ ಕೇಳು ಅಂತ ಕೋಡ್‌ನಲ್ಲಿ ಬರೆಯುವುದು ಎಲ್ಲರ ಅಭ್ಯಾಸ. ಅದನ್ನು ಮೂರು ಪದರದಲ್ಲಿ, ಪ್ರತಿ ಪದರ ಒಟ್ಟು ಮೂರು ಸಲ ಕೇಳುವ ಹಾಗೆ ಬರೆದರೆ, ಕೊನೆಯ ಡೇಟಾಬೇಸ್‌ಗೆ ಒಂದು ಕೋರಿಕೆ 27 ಆಗಿ ಮುಟ್ಟುತ್ತದೆ. ಅದೂ ಅದು ಸುಸ್ತಾಗಿರುವ ಹೊತ್ತಿನಲ್ಲೇ.

2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ಗಂಟೆ ಬಿದ್ದಿತ್ತು. ಸೆಟ್ಟಿಂಗ್‌ನ ಒಂದು ಮೌಲ್ಯ ತಪ್ಪಾಗಿತ್ತು. ತಪ್ಪು ಕಂಡ ಪ್ರತಿ ಸರ್ವರ್ ಕ್ಯಾಶ್‌ನಲ್ಲಿದ್ದ ಮೌಲ್ಯ ಅಳಿಸಿ, ಸರಿಯಾದದ್ದಕ್ಕೆ ಡೇಟಾಬೇಸ್ ಕೇಳಲು ಹೋಯಿತು. ಡೇಟಾಬೇಸ್‌ಗೆ ಸೆಕೆಂಡಿಗೆ ಲಕ್ಷಗಟ್ಟಲೆ ಕ್ವೆರಿ ಬಿದ್ದವು. ಅದು ಉತ್ತರಿಸಲು ಆಗದೆ ತಪ್ಪು ಸಂದೇಶ ಕೊಟ್ಟಿತು. ಆ ತಪ್ಪು ಸಂದೇಶವನ್ನೂ ಸರ್ವರ್‌ಗಳು "ಮೌಲ್ಯ ತಪ್ಪಿದೆ" ಅಂತ ಓದಿಕೊಂಡು ಮತ್ತೆ ಅಳಿಸಿ ಮತ್ತೆ ಕೇಳಿದವು. ಮೊದಲ ತಪ್ಪನ್ನು ಸರಿಮಾಡಿದ ಮೇಲೂ ಈ ಸುತ್ತು ನಿಲ್ಲಲಿಲ್ಲ. ಕೊನೆಗೆ ಜನರು ಬರದಂತೆ ತಾಣವನ್ನೇ ಮುಚ್ಚಿ, ಡೇಟಾಬೇಸ್ ಉಸಿರಾಡುವಂತೆ ಮಾಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟರು.

ನಿಮ್ಮ ಕೋಡ್‌ನಲ್ಲಿ ಮಾಡಬೇಕಾದ್ದು ಹೀಗೆ. ಹೊರಗೆ ಕೇಳುವ ಪ್ರತಿ ಕರೆಗೂ ಟೈಮ್‌ಔಟ್ (ಇಷ್ಟೇ ಹೊತ್ತು ಕಾಯುವ ಮಿತಿ) ಇರಲಿ. ಮತ್ತೆ ಕೇಳುವುದು ಒಂದೇ ಪದರದಲ್ಲಿರಲಿ. ಪ್ರತಿ ಸಲ ಕಾಯುವ ಸಮಯ ದುಪ್ಪಟ್ಟಾಗಲಿ, ಅದಕ್ಕೆ ಒಂದಿಷ್ಟು ಹೇಗೆಂದರೆ ಹಾಗೆ ಆರಿಸಿದ ಸಮಯವೂ ಸೇರಲಿ. ಇಲ್ಲದಿದ್ದರೆ ಒಟ್ಟಿಗೆ ಬಿದ್ದವರೆಲ್ಲ ಒಟ್ಟಿಗೇ ಮತ್ತೆ ಬಂದು ಬಾಗಿಲು ತಟ್ಟುತ್ತಾರೆ. ಸತತವಾಗಿ ತಪ್ಪು ಬರುತ್ತಿದ್ದರೆ ಸ್ವಲ್ಪ ಹೊತ್ತು ಕೇಳುವುದನ್ನೇ ನಿಲ್ಲಿಸಿ. "ಉತ್ತರ ತಪ್ಪಿದೆ" ಮತ್ತು "ಉತ್ತರ ಬರಲಿಲ್ಲ", ಇವೆರಡನ್ನೂ ಕೋಡ್ ಬೇರೆ ಬೇರೆಯಾಗಿ ನೋಡಲಿ.

ಹೆಜ್ಜೆ 7: ತುಂಬಿದಾಗ ಇಲ್ಲ ಅನ್ನಲು ಕಲಿಸಿ

2009ರ ಸೆಪ್ಟೆಂಬರ್ 1ರಂದು ಜಿಮೇಲ್ ವೆಬ್ ಸುಮಾರು 100 ನಿಮಿಷ ಬಿದ್ದಿತ್ತು. ಮಾಮೂಲಿ ಕೆಲಸಕ್ಕೆ ಕೆಲವು ಸರ್ವರ್‌ಗಳನ್ನು ಪಕ್ಕಕ್ಕೆ ತೆಗೆದಿದ್ದರು. ಕೋರಿಕೆ ಹಂಚುವ ರೌಟರ್ ಸರ್ವರ್‌ಗಳ ಮೇಲೆ ಭಾರ ಅಂದಾಜಿಗಿಂತ ಜಾಸ್ತಿಯಾಯಿತು. ಕೆಲವು "ನನಗಿನ್ನು ಕಳಿಸಬೇಡಿ" ಅಂದವು. ಅವುಗಳ ಪಾಲು ಉಳಿದವುಗಳ ಮೇಲೆ ಬಿತ್ತು. ಅವೂ ಅದನ್ನೇ ಹೇಳಿದವು. ಕೆಲವೇ ನಿಮಿಷಗಳಲ್ಲಿ ಬಹುತೇಕ ಎಲ್ಲವೂ ತುಂಬಿದವು.

ಇದರಿಂದ ಗೂಗಲ್ ತಂಡ ಕಂಡುಕೊಂಡದ್ದನ್ನೇ ನಾವೂ ಮಾಡಬಹುದು. ತುಂಬಿದ ಸರ್ವರ್ ಪೂರ್ತಿ ಕೈಚೆಲ್ಲಬಾರದು. ತನ್ನ ಕೈಲಾದಷ್ಟು ಮಾಡುತ್ತಾ ನಿಧಾನವಾಗಬೇಕು. ಹೆಚ್ಚಿನದನ್ನು ಬಾಗಿಲಲ್ಲೇ, ಬೇಗ, ಸ್ಪಷ್ಟವಾಗಿ ವಾಪಸ್ ಕಳಿಸಬೇಕು. ಕ್ಯೂಗೆ ಒಂದು ಉದ್ದದ ಮಿತಿ ಹಾಕಿ. 30 ಸೆಕೆಂಡಿನಿಂದ ಕಾಯುತ್ತಿರುವ ಕೋರಿಕೆಯ ಆ ತುದಿಯಲ್ಲಿ ಇದ್ದವರು ಆಗಲೇ ಪುಟ ಮುಚ್ಚಿ ಹೋಗಿರುತ್ತಾರೆ, ಅವರಿಗಾಗಿ ಕೆಲಸ ಮಾಡಿ ಏನು ಪ್ರಯೋಜನ?

ಯಾವುದನ್ನು ಮೊದಲು ಆಫ್ ಮಾಡಬೇಕು ಅಂತಲೂ ಈಗಲೇ ತೀರ್ಮಾನಿಸಿ. ಶಿಫಾರಸುಗಳು, ಹುಡುಕಾಟದ ಸಲಹೆ, ಎಷ್ಟು ಜನ ನೋಡಿದರು ಅನ್ನುವ ಎಣಿಕೆ, ಇವಿಲ್ಲದೆ ತಾಣ ನಡೆಯುತ್ತದೆ. ಹಣ ಕಟ್ಟುವುದು, ಅರ್ಜಿ ಸಲ್ಲಿಸುವುದು ನಡೆಯಲೇಬೇಕು. ಒಂದೊಂದಕ್ಕೂ ಒಂದು ಸ್ವಿಚ್ ಇಡಿ. ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ವಿಮೆಯ ದರ ಸುಮ್ನೆ ನೋಡಬೇಕು ಅಂದವರೂ ಮೊದಲು ಖಾತೆ ಮಾಡಿಕೊಳ್ಳಬೇಕಿತ್ತು. ಹಾಗಾಗಿ ಬಂದ ಅಷ್ಟೂ ಜನ ಆ ಒಂದು ಕಿರಿದಾದ ಬಾಗಿಲಿಗೆ ಬಂದು ನಿಂತರು. ಲಾಗಿನ್ ಇಲ್ಲದೆ ನೋಡಬಹುದಾದ ಪುಟಗಳನ್ನು ಲಾಗಿನ್ ಹಿಂದೆ ಇಡಬೇಡಿ.

ಹೆಜ್ಜೆ 8: ತೆರೆಯುವ ದಿನ

ಒಂದೇ ಸಲ ಎಲ್ಲರಿಗೂ ತೆರೆಯಬೇಡಿ. ಮೊದಲು ನೂರಕ್ಕೆ ಒಬ್ಬರಿಗೆ, ಆಮೇಲೆ ಐವರಿಗೆ, ಆಮೇಲೆ ಇಪ್ಪತ್ತು ಜನರಿಗೆ. ಪ್ರತಿ ಹಂತದಲ್ಲೂ ಹೆಜ್ಜೆ 2ರ ಪಟ್ಟಿ ಮುಂದಿಟ್ಟುಕೊಂಡು ಬಳಕೆಯ ಅಂಕಿ ತುಂಬಿಸಿ. ಯಾವುದಾದರೂ ಮಿತಿಯ ಶೇ. 70 ದಾಟಿದರೆ ಅಲ್ಲೇ ನಿಲ್ಲಿ.

ಹಿಂದಿನ ವ್ಯವಸ್ಥೆಗೆ ವಾಪಸ್ ಹೋಗುವ ದಾರಿಯನ್ನು ಒಂದು ಸಲ ನಿಜವಾಗಿ ನಡೆದು ನೋಡಿ. "ನಿಲ್ಲಿಸಿ" ಅಂತ ಹೇಳುವ ಅಧಿಕಾರ ಯಾರಿಗಿದೆ ಅಂತ ಮೊದಲೇ ಹೆಸರು ಹಿಡಿದು ಬರೆದಿಡಿ. ಆ ಹೆಸರು ಟೆಸ್ಟ್ ಅಂಕಿಗಳನ್ನು ಕಣ್ಣಾರೆ ನೋಡಿದವರದ್ದಾಗಿರಲಿ. ಲೋಡ್ ಟೆಸ್ಟ್‌ನ ಕೊನೆಯ ಸುತ್ತು ಮತ್ತು ತೆರೆಯುವ ದಿನದ ನಡುವೆ ಕನಿಷ್ಠ ಎರಡು ವಾರ ಇಟ್ಟುಕೊಳ್ಳಿ. 1,100 ಅನ್ನುವ ಸಂಖ್ಯೆ ಎರಡು ವಾರ ಮೊದಲು ಸಿಕ್ಕಿದರೆ ತಾರೀಕು ಮುಂದೂಡಬಹುದು, ಕಡಿಮೆ ಜನರನ್ನು ಒಳಗೆ ಬಿಡಬಹುದು, ಲಾಗಿನ್ ಬಾಗಿಲನ್ನು ಸರಿಸಬಹುದು. ಹಿಂದಿನ ದಿನ ಸಿಕ್ಕಿದರೆ ಇವು ಯಾವುವೂ ಆಗುವುದಿಲ್ಲ.